45 ಸಾವಿರ ಕೇಳೋ ಸೇಲ್ಸ್‌ಮನ್‌ನ ತಗೊಳ್ಲೋ ಬ್ಯಾಡೋ?

ಪ್ರಶ್ನೆ: ಸಿಂಧನೂರಿನಾಗ ಬೀಜ, ಗೊಬ್ಬರ, ಔಷಧಿ ಹೋಲ್‌ಸೇಲ್ ನಮ್ಮದು. ಸಿಂಧನೂರು, ಕಾರಟಗಿ, ಮಾನ್ವಿ ಕಡೆ ಅರವತ್ತು ಚಿಲ್ಲರೆ ಅಂಗಡಿಗೆ ಮಾಲು ಹಾಕ್ತೀವಿ. ಎರಡು ವರ್ಷದಾಗ ಮೂರು ಜನ ಸೇಲ್ಸ್‌ಮನ್ ಬಂದ್ರು, ಮೂರೂ ಜನ ಹೋದ್ರು. ಈಗ ಒಂದು ದೊಡ್ಡ ಕಂಪನಿಯಾಗ ಏರಿಯಾಕ್ಕ ನಂಬರ್ ಒನ್ ಇದ್ದವನೊಬ್ಬ ಬರ್ತೀನಿ ಅಂತಾನ, 45 ಸಾವಿರ ಪಗಾರ, ಪೆಟ್ರೋಲ್ ಬ್ಯಾರೆ. ಅವನ್ನ ತಗೊಳ್ಲಾ? ನಮ್ಮ ಕೌಂಟರ್‌ನಾಗ ನಾಕು ವರ್ಷದಿಂದ ಇರೋ ಹುಡುಗನೂ ಫೀಲ್ಡಿಗೆ ಕಳಿಸ್ರಿ ಅಂತ ಗಂಟು ಬಿದ್ದಾನ, ಆದ್ರ ಅವಂಗ ಮಾತೇ ಬರಲ್ಲ.

ಉತ್ತರ: ನಿಮ್ಮ ಪ್ರಶ್ನೆ ಓದಿ ನನಗ ನಗು ಬಂತ್ರಿ, ಯಾಕಂದ್ರ ಇದೇ ತಪ್ಪು ನಾನು ನನ್ನ ಕೈಯಾರೆ ಮಾಡಿ ಕುಂತವನು. ಗಂಗಾವತಿಯಾಗ ಸ್ಯಾಂಪಲ್ ಚೀಲ ಹೊತ್ಕೊಂಡು ಶುರು ಮಾಡಿ ಇಪ್ಪತ್ತೆರಡು ವರ್ಷ ಇದೇ ಲೈನಿನಾಗ ಇದ್ದೆ, ಕಡೀ ಹತ್ತು ವರ್ಷ ಬರೀ ಹುಡುಗರನ್ನ ತಗೊಳ್ಳೋದು, ತಯಾರು ಮಾಡೋದು, ಕಳಿಸೋದು ಇದೇ ಕೆಲಸ. ಅದ್ರಾಗ ಒಂದು ಸಲ ಹಿಂಗೇ ಒಬ್ಬ ನಂಬರ್ ಒನ್ ಬಂದ. ಬಿಳಿ ಅಂಗಿ, ಕೈಯಾಗ ಎರಡು ಫೋನು, ಮಾತು ಅಂದ್ರ ಮಾತು, ಇಂಟರ್‌ವ್ಯೂ ಅಂತ ಕರ್ದು ನಾನೇ ಅವನ ಮಾತು ಕೇಳ್ಕೋತ ಕುಂತಿದ್ದೆ. ಆಗಸ್ಟ್, ಸೆಪ್ಟೆಂಬರ್‌ನಾಗ ಬಿಲ್ಲಿಂಗ್ ಹೆಂಗ ಏರಿತಂದ್ರ ಆಫೀಸಿಗೆ ಪೇಡಾ ಹಂಚಿದೆ. ಜನವರಿಯಾಗ ಸಿರುಗುಪ್ಪ ಕಡೆ ಒಂದು ಅಂಗಡಿಗೆ ವಸೂಲಿಗೆ ನಾನೇ ಹೋದೆ. ಆ ಅಂಗಡಿಯವರು ಮಾತಾಡ್ಲಿಲ್ಲ, ಹಿಂದಿನ ಖೋಲಿಗೆ ಕರ್ಕೊಂಡು ಹೋಗಿ ಒಂದು ತಾಡಪಾಲು ಎತ್ತಿದ್ರು. ಕೆಳಗ ನಮ್ಮ ಮಾಲು, ಪೆಟ್ಟಿಗಿ ಟೇಪ್ ಸೈತ ಬಿಚ್ಚಿಲ್ಲ, ಮ್ಯಾಲೆ ಇಲಿ ಹಿಕ್ಕಿ. 'ನಿಮ್ಮ ಹುಡುಗ ಇಟ್ಟು ಹೋಗಿದ್ದು ಸರ, ಹೋದ್ರ ರೊಕ್ಕ ಕೊಡು, ಇಲ್ಲಾಂದ್ರ ವಾಪಸ್ ತಗೋತೀನಿ ಅಂದಿದ್ದ' ಅಂದ್ರು. ಅಂಥಾ ತಾಡಪಾಲು ಆ ವಾರ ಹನ್ನೊಂದು ಅಂಗಡಿಯಾಗ ಎತ್ತಿಸಿದೆ. ಅಷ್ಟೊತ್ತಿಗೆ ಹುಡುಗ ಇನ್ಸೆಂಟಿವ್ ತಗೊಂಡು ಬ್ಯಾರೆ ಕಂಪನಿಗೆ ಹೋಗಿದ್ದ, ಅಲ್ಲೂ ನಂಬರ್ ಒನ್ ಆದ ಅಂತ ಕೇಳ್ದೆ!

ಹಂಗಂತ ದೊಡ್ಡ ಕಂಪನಿಯಿಂದ ಬರೋರೆಲ್ಲಾ ಹಿಂಗೇ ಅಂತ ಹೇಳ್ತಿಲ್ಲ. ನಂಬರ್ ಒನ್ ಅನ್ನೋದು ಯಾರ ನಂಬರು ಅಂತ ಮೊದಲು ಬಿಡಿಸಿ ನೋಡ್ರಿ ಅಂತೀನಿ. ನಮ್ಮ ಭಾಗದಾಗ ಮಾರಾಟ ಅರ್ಧ ಕಾಲುವೆ ಮಾಡ್ತೈತಿ. ತುಂಗಭದ್ರಾ ಎಡದಂಡೆ ಕಾಲುವೆ ತೆಲಿ ಕಡೆ ಗಂಗಾವತಿ, ಕಾರಟಗಿಯಾಗ ರೂಟ್ ಸಿಕ್ಕವನಿಗೆ ಭತ್ತದ ಔಷಧಿ ಮಾರೋದು ದೊಡ್ಡ ಮಾತಲ್ಲ. ಅದೇ ಕೆಳಭಾಗ, ಮಾನ್ವಿ, ಸಿರವಾರ ಕಡೆ ನೀರು ಮುಟ್ಟೋದ್ರಾಗ ರೈತ ಸ್ಟ್ರೈಕ್ ಮಾಡಿರ್ತಾನ, ಅಲ್ಲಿ ಇಪ್ಪತ್ತು ಲಕ್ಷ ಮಾಡಿದವನು ತೆಲಿ ಕಡೆ ಐವತ್ತು ಮಾಡಿದವನಿಗಿಂತ ಗಟ್ಟಿ ಇರ್ತಾನ, ಆದ್ರ ಶೀಟಿನಾಗ ಅವನ ಹೆಸರು ಕೆಳಗ. 2023ರಾಗ ಬರ ಬಿತ್ತು, ಆ ವರ್ಷ ಸೇಲ್ ಇಳಿದವರನ್ನೆಲ್ಲಾ ದಡ್ಡರು ಅನ್ನೋಕೆ ಬರ್ತೈತಾ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಎಷ್ಟು ಸೇಲ್ಸ್‌ಮನ್ ಎದಿ ಧಸಕ್ ಅಂದಿರಬೇಕು, ಅದ್ರಾಗ ಅವರ ತಪ್ಪೇನಿತ್ತು. ಉಲ್ಟಾನೂ ಐತಿ. 2021ರಾಗ ಮೆಣಸಿನಕಾಯಿಗೆ ಕರಿ ಥ್ರಿಪ್ಸ್ ಅನ್ನೋ ಹುಳ ಬಂತಲ್ಲ, ರೈತರು ಯಾವ ಡಬ್ಬಿ ಕೊಟ್ರೂ ಹೊಡಿತಿದ್ರು, ಒಂದು ಬಿಟ್ಟು ಇನ್ನೊಂದು, ವಾರಕ್ಕ ಎರಡು ಸಲ. ಆ ವರ್ಷದ ಅವಾರ್ಡ್ ಫೋಟೋ ತೋರ್ಸೋ ಸೇಲ್ಸ್‌ಮನ್ ಬಂದ್ರ ಆ ಅವಾರ್ಡ್ ಹುಳಕ್ಕೆ ಹೋಗ್ಬೇಕಾಗಿತ್ತು ಅಂತ ನಾನು ಮನಸಿನಾಗೇ ಅನ್ಕೊತೀನಿ.

ಉಳಿದ ಪಾಲು ಕಂಪನಿ ಹೆಸರಿಂದು. ಟೀವಿಯಾಗ ಆಡ್ ಬರೋ ಬ್ರಾಂಡು, ಡೀಲರ್‌ಗೆ ಬ್ಯಾಂಕಾಕ್ ಟೂರ್ ಸ್ಕೀಮು, ಹಿಂದ ಟೆಕ್ನಿಕಲ್ ಟೀಮು, ಇಷ್ಟೆಲ್ಲಾ ಇಟ್ಕೊಂಡು ಮಾರಿದವನು ನಿಮ್ಮ ಗೋಡೌನಿನ ಹತ್ತು ಕಂಪನಿ ಕಿಚಡಿ ಮಾಲನ್ನೂ ಹಂಗೇ ಮಾರ್ತಾನ ಅನ್ನೋಕೆ ಏನು ಗ್ಯಾರಂಟಿ. ಇದು ನಮ್ಮೂರಿನ ಕಥೆ ಅಷ್ಟೇ ಅಲ್ಲ. ಅಮೆರಿಕದ ಹಾರ್ವರ್ಡ್‌ನ ಬೋರಿಸ್ ಗ್ರಾಯ್ಸ್‌ಬರ್ಗ್ ಮತ್ತ ಅವರ ಜೊತೆಯವರು ಶೇರು ಮಾರ್ಕೆಟ್ಟಿನ 1,052 ಸ್ಟಾರ್ ಅನಲಿಸ್ಟ್‌ಗಳನ್ನ 1988ರಿಂದ 1996ರ ತನಕ ಹಿಂಬಾಲಿಸಿ ನೋಡಿದ್ರು. ಕಂಪನಿ ಬದಲಾಯಿಸಿದ ಸ್ಟಾರ್‌ಗಳಲ್ಲಿ ನೂರಕ್ಕೆ 46 ಮಂದಿ ಮುಂದಿನ ವರ್ಷನೇ ಸಪ್ಪಗಾದ್ರು. ಅವರು ಸೇಲ್ಸ್‌ಮನ್ ಅಲ್ಲ ಖರೆ, ಆದ್ರ ಹಳೇ ಮನಿಯಾಗ ಹೊಳೆಯೋ ದೀಪ ಹೊಸ ಮನಿಯಾಗ ಮಂಕಾಗೋದು ಯಾಕ ಅಂತ ತಿಳ್ಕೊಳ್ಳೋಕೆ ಅಷ್ಟು ಸಾಕು, ಎಣ್ಣಿ ಹಳೇ ಮನಿಯವರದಾಗಿತ್ತು.

ಈಗ ನಿಮ್ಮ ಮೂರು ಜನ ಯಾಕ ಹೋದ್ರು ಅನ್ನೋದಕ್ಕ ಬರ್ತೀನಿ. ನೀವು ಬರ್ದಿಲ್ಲ, ಆದ್ರ ನಾನು ಊಹೆ ಮಾಡ್ತೀನಿ, ಮೂವರನ್ನೂ ಜುಲೈ ಆಸುಪಾಸು ತಗೊಂಡಿರ್ತೀರಿ, ಕಾಲುವೆಗೆ ನೀರು ಬಿಟ್ಟ ಮ್ಯಾಲೆ, ಕೈಗೆ ಸಿಕ್ಕವನ್ನ. ಮೂರು ತಿಂಗಳ ಪ್ರೊಬೇಷನ್ ಅಂತ ಹೇಳಿರ್ತೀರಿ. ಜುಲೈಗೆ ಮೂರು ಕೂಡಿಸಿದ್ರ ಅಕ್ಟೋಬರ್. ಅಕ್ಟೋಬರ್ ತನಕ ನಮ್ಮ ದಂಧೆಯಾಗ ಕತ್ತೆಗೆ ಕೋಟು ಹಾಕಿ ಕಳಿಸಿದ್ರೂ ಬಿಲ್ ಆಗ್ತಾವ. ಭತ್ತ ಕೊಯ್ಲಾಗೋದು ನವೆಂಬರ್, ಡಿಸೆಂಬರ್, ರೈತನ ಕೈಗೆ ರೊಕ್ಕ ಬಂದು ಅಂಗಡಿಗೆ ಬಂದು ಅಲ್ಲಿಂದ ನಿಮಗ ಬರೋದು ಡಿಸೆಂಬರ್‌ನಿಂದ ಫೆಬ್ರವರಿ. ಅಂದ್ರ ಹುಡುಗನ ಅಸಲಿ ಪರೀಕ್ಷಿ ಶುರು ಆಗೋ ಮೊದಲೇ ನೀವು ಪಾಸ್ ಮಾಡಿ ಕನ್ಫರ್ಮ್ ಮಾಡಿಬಿಟ್ಟಿರ್ತೀರಿ. ಉದ್ರಿ ಎತ್ತೋ ಟೈಮ್ ಬಂದಾಗ ಅವಂಗೂ ಕಷ್ಟ, ನಿಮಗೂ ಸಿಟ್ಟು, ಬಯ್ತೀರಿ, ಹೋಗ್ತಾನ. ಏಪ್ರಿಲ್, ಮೇ ತಿಂಗಳ ಬಿಸಲಾಗ ಕೆಲಸ ಇಲ್ಲದಾಗ ಹುಡುಕ್ರಿ, ಮೇದಾಗ ಸೇರಿಸ್ಕೊಳ್ರಿ, ಪ್ರೊಬೇಷನ್ ಫೆಬ್ರವರಿ ತನಕ ಇಡ್ರಿ, ಹಿಂಗ ಅಂತ ಸೇರೋ ಮೊದಲೇ ಬಾಯಿಬಿಟ್ಟು ಹೇಳ್ರಿ. ಇಡೀ ಒಂದು ಬೆಳಿ ನೋಡದ ಸೇಲ್ಸ್‌ಮನ್‌ನ ಅಳಿಯಾಕ ಬರಂಗಿಲ್ಲ.

ಉದ್ರಿ ಲೆಕ್ಕ ಒಂದು ಸಲ ಹಾಳೆ ಮ್ಯಾಲೆ ಹಾಕಿ ನೋಡ್ರಿ. ಒಬ್ಬ ಹುಡುಗ 20 ಲಕ್ಷದ ಮಾಲು ಹಾಕಿದ ಅನ್ಕೊಳ್ರಿ, ನಿಮಗ ನೂರಕ್ಕ 8 ಮಾರ್ಜಿನ್ ಅಂದ್ರ 1 ಲಕ್ಷ 60 ಸಾವಿರ. ಆ ರೊಕ್ಕ ಆರು ತಿಂಗಳು ಹೊರಗ ನಿಂತ್ರ ತಿಂಗಳಿಗೆ ಒಂದೂವರೆ ರೂಪಾಯಿ ಬಡ್ಡಿಯಂಗ 1 ಲಕ್ಷ 80 ಸಾವಿರ. ಹುಡುಗನ ಪಗಾರ, ಪೆಟ್ರೋಲು, ವಾಪಸ್ ಬಂದ ಎಕ್ಸ್‌ಪೈರಿ ಮಾಲು ಇನ್ನೂ ಹಿಡದೇ ಇಲ್ಲ. ಶೀಟಿನಾಗ ಅವನು ಸ್ಟಾರ್, ನಿಮ್ಮ ಖಾತೆಯಾಗ ತೂತು. ಅದಕ್ಕ ನಾನು ಯಾರನ್ನ ನೋಡಿದ್ರೂ ಮೊದಲು ಕೇಳೋದು ಎಷ್ಟು ಮಾರಿದಿ ಅಂತ ಅಲ್ಲ, ಮಾರ್ಚ್ 31ಕ್ಕ ನಿನ್ನ ರೂಟಿನಾಗ ಎಷ್ಟು ಬಾಕಿ ಇತ್ತು, ಎಷ್ಟು ಮಾಲು ವಾಪಸ್ ಬಂತು ಅಂತ. ಖರೆ ಕೆಲಸ ಮಾಡಿದವನು ಪೈಸೆ ಸಮೇತ ಅಲ್ಲದಿದ್ರೂ ಅಂಗಡಿ ಹೆಸರು ಸಮೇತ ಹೇಳ್ತಾನ. ಸುಳ್ಳುಗಾರ 'ನಮ್ಮ ಕಂಪನಿಯಾಗ ಅದು ಅಕೌಂಟ್ಸ್‌ನವರು ನೋಡ್ತಾರ ಸರ' ಅಂತಾನ.

ಹುಡುಕೋದು ಎಲ್ಲಿ ಅಂದ್ರ, ಆನ್‌ಲೈನ್‌ನಾಗ ಜಾಹೀರಾತು ಹಾಕಿದ್ರ ನೂರು ಬಯೋಡೇಟಾ ಬರ್ತಾವ, ತೊಂಬತ್ತೈದು ಕಸ. ನಿಮ್ಮ ಅರವತ್ತು ಅಂಗಡಿನೇ ನಿಮ್ಮ ಎಂಪ್ಲಾಯ್‌ಮೆಂಟ್ ಆಫೀಸು. ಒಂದೇ ಪ್ರಶ್ನೆ ಕೇಳ್ರಿ: ದಿನಾ ಹತ್ತು ಸೇಲ್ಸ್‌ಮನ್ ಫೋನ್ ಮಾಡ್ತಾರ, ಕೈಯಾಗ ಕೆಲಸ ಇದ್ದಾಗೂ ಯಾರ ಫೋನ್ ಎತ್ತುತೀರಿ? ಮೂರ್ನಾಕು ಅಂಗಡಿಯಾಗ ಒಂದೇ ಹೆಸರು ಬಂತಂದ್ರ ಅವನ ಮನಿಗೆ ನೀವೇ ಹೋಗ್ರಿ, ನಾಚಿಕಿ ಬ್ಯಾಡ. ರಾಯಚೂರು ಕೃಷಿ ವಿಶ್ವವಿದ್ಯಾಲಯದಿಂದ ಬಿಎಸ್ಸಿ ಅಗ್ರಿ, ಡಿಪ್ಲೊಮಾ ಮುಗಿಸಿದ ಹುಡುಗರೂ ಸಿಗ್ತಾರ, ಒಳ್ಳೆಯವರು, ಆದ್ರ ಅರ್ಧ ಮಂದಿಗೆ ಮನಸು ಸರ್ಕಾರಿ ಪರೀಕ್ಷಿ ಮ್ಯಾಲೆ ಇರ್ತೈತಿ, ಮೊದಲೇ ಕೇಳ್ಕೊಳ್ರಿ. ಮೈಕ್ರೋಫೈನಾನ್ಸ್‌ನಾಗ ವಸೂಲಿ ಮಾಡಿ ಬ್ಯಾಸತ್ತವರು, ಮೆಡಿಕಲ್ ರೆಪ್ ಆಗಿದ್ದವರು, ಇವರೂ ಈ ಕೆಲಸಕ್ಕ ಹೊಂದ್ಕೋತಾರ. ಹೆಣ್ಣುಮಕ್ಕಳನ್ನ ನಾನು ಭಾಳ ವರ್ಷ ಲೆಕ್ಕಕ್ಕೇ ತಗೊಳ್ಲಿಲ್ಲ, ಅದು ನನ್ನ ದಡ್ಡತನ. ಸಂಘದ ಲೆಕ್ಕಪತ್ರ ಇಟ್ಟ ಒಬ್ಬಾಕಿ ಮಸ್ಕಿ ಕಡೆ ನಮ್ಮ ತರಕಾರಿ ಬೀಜ ಮಾರಿದ್ಲು, ಮೂರು ವರ್ಷದಾಗ ಒಂದು ಪೈಸೆ ಮುಳುಗಿಲ್ಲ.

ಭಾಷೆ ಮಾತ್ರ ನೋಡ್ಲೇಬೇಕು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಾಗ ತೆಲುಗು ಬರ್ದಿದ್ರ ಚಾ ಸಿಗ್ತೈತಿ, ಆರ್ಡರ್ ಸಿಗಲ್ಲ. ಮಾರ್ಕೆಟ್‌ನಾಗ ಹಮಾಲರ ಜೊತೆ, ಲಾರಿಯವರ ಜೊತೆ ದಖ್ನಿ ಉರ್ದು ಬೇಕು. ಹುಡುಗ ಮೂರೂ ಮಾತು ತಪ್ಪುತಪ್ಪಾಗಿ ಆದ್ರೂ ಆಡ್ತಾನಂದ್ರ ಅದು ಇಂಗ್ಲಿಷ್‌ಗಿಂತ ದೊಡ್ಡ ಸರ್ಟಿಫಿಕೇಟು.

ಇನ್ನ ನಿಮ್ಮ 'ಮಾತೇ ಬರಲ್ಲ' ಅನ್ನೋದು. ಇದೊಂದು ನಂಬಿಕಿ ನಮ್ಮ ಮಂದಿ ತೆಲಿಯಾಗ ಕುಂತುಬಿಟ್ಟೈತಿ, ಮಾತುಗಾರ ಆದ್ರ ಸೇಲ್ಸ್‌ಮನ್ ಅಂತ. ಆಡಂ ಗ್ರಾಂಟ್ ಅನ್ನೋ ಪ್ರೊಫೆಸರ್ 2013ರಾಗ ಒಂದು ಕಾಲ್ ಸೆಂಟರಿನ 340 ಸೇಲ್ಸ್ ಮಂದಿದು ಮೂರು ತಿಂಗಳ ಗಳಿಕಿ ತೆಗದು ನೋಡಿದ. ಭಾರೀ ಮಾತಿನ ಮಲ್ಲರೂ ಹಿಂದ, ಬಾಯಿ ಬಿಡದವರೂ ಹಿಂದ, ನಡು ಸ್ವಭಾವದವರು, ಮಾತಾಡೋದೂ ಬರ್ತೈತಿ ಸುಮ್ನಿರೋದೂ ಬರ್ತೈತಿ ಅನ್ನೋರು ಎಲ್ಲಾರಿಗಿಂತ ಮುಂದ. ಮತ್ತ ಈಗ ನಮ್ಮ ಅಂಗಡಿಯವರೂ ಮೊದಲಿನಂಗಿಲ್ಲ. ಹೈದರಾಬಾದಿನ ಮ್ಯಾನೇಜ್ (MANAGE) ಅನ್ನೋ ಕೃಷಿ ತರಬೇತಿ ಸಂಸ್ಥೆ 2003ರಿಂದ ನಡೆಸೋ ದೇಸಿ (DAESI) ಡಿಪ್ಲೊಮಾ, ಬೀಜ ಗೊಬ್ಬರದ ಡೀಲರ್‌ಗಳಿಗಂತಲೇ ಇರೋದು, ವಾರಕ್ಕೊಂದು ಕ್ಲಾಸು, 48 ವಾರದ್ದು, ಅದನ್ನ ಮಾಡ್ಕೊಂಡ ಡೀಲರ್‌ಗಳು ಊರೂರಿಗೆ ಅದಾರ. ಅವರ ಮುಂದ ನಿಂತು ಇದು ಹೊಡದ್ರ ಕಾಂಡಕೊರಕನೂ ಹೋಗ್ತೈತಿ ಬೆಂಕಿ ರೋಗನೂ ಹೋಗ್ತೈತಿ ಅಂದ್ರ, ಹುಳದ ಔಷಧಿಗೆ ರೋಗ ಹೆಂಗ ಹೋಗ್ತೈತಪಾ ಅಂತ ಅಲ್ಲೇ ಹಿಡ್ಕೋತಾರ.

ಕುಂಡ್ರಿಸಿ ಮಾತಾಡಿಸೋದು ಬ್ಯಾಡ ಅಂತಲ್ಲ, ಆದ್ರ ಎಲ್ಲಾರಿಗೂ ಅವೇ ಐದು ಪ್ರಶ್ನೆ ಕೇಳ್ರಿ, ಉತ್ತರ ಬರಕೊಳ್ರಿ, ಅವನು ಎದ್ದು ಹೋದ ಕೂಡ್ಲೇ ಹತ್ತಕ್ಕ ಎಷ್ಟು ಅಂತ ಹಾಕ್ರಿ, ಆಮ್ಯಾಲೆ ಮನಿಯವರ ಜೊತೆ ಚರ್ಚೆ. ಒಬ್ಬೊಬ್ಬರಿಗೆ ಒಂದೊಂದು ಕೇಳಿ 'ನನಗ್ಯಾಕೋ ಹುಡುಗ ಚಲೋ ಅನಿಸ್ತು' ಅಂದ್ರ ಅದು ಕನ್ಯಾ ನೋಡಿದಂಗ ಆಯ್ತು. ನನಗ ಭಾಳ ಉಪಯೋಗಕ್ಕ ಬಂದ ಪ್ರಶ್ನೆ ಅಂದ್ರ, ನೀನೇ ಬ್ಯಾಡ ಅಂತ ಮಾಲು ಕೊಡದೇ ಬಿಟ್ಟ ಗಿರಾಕಿ ಯಾರು, ಯಾಕ ಬಿಟ್ಟಿ? ಉದ್ರಿ ಲೈನಿನಾಗ ಇಲ್ಲ ಅನ್ನೋಕೆ ಬರ್ದವನು ಅಪಾಯ. ಇನ್ನೊಂದು, ಬಾಕಿ ಕೇಳೋಕೆ ಹೋದಾಗ ಬಾಗಿಲಾಗ ನಿಂತು ಮೊದಲ ಮಾತು ಏನಾಡ್ತಿ, ನನ್ನ ಮುಂದ ಆಡಿ ತೋರ್ಸು. ಎಷ್ಟು ವರ್ಷ ಎಕ್ಸ್‌ಪೀರಿಯನ್ಸ್ ಅನ್ನೋದಕ್ಕ ಜಾಸ್ತಿ ಮರಳಾಗಬ್ಯಾಡ್ರಿ. ಷ್ಮಿಟ್, ಹಂಟರ್ ಅಂತ ಇಬ್ಬರು 85 ವರ್ಷದ ಸಂಶೋಧನೆ ಒಟ್ಟುಗೂಡಿಸಿ 1998ರಾಗ ಲೆಕ್ಕ ತೆಗದಾಗ, ಎಷ್ಟು ವರ್ಷ ಕೆಲಸ ಮಾಡ್ಯಾನ ಅನ್ನೋದಕ್ಕಿಂತ ಅದೇ ಕೆಲಸದ ಒಂದು ತುಣುಕು ಮಾಡಿಸಿ ನೋಡೋದು ಎಷ್ಟೋ ಪಾಲು ಗಟ್ಟಿ ಗುರ್ತು ಅಂತ ಬಂತು.

ಆ ತುಣುಕು ನಮ್ಮ ದಂಧೆಯಾಗ ಅಂದ್ರ ಒಂದು ದಿನದ ಫೀಲ್ಡು. ಇದನ್ನ ನಾನು ಯಾರಿಗೂ ಬಿಡಲ್ಲ, ನಂಬರ್ ಒನ್‌ಗೂ ಬಿಡಲ್ಲ. ಮುಂಜಾನೆ ಏಳಕ್ಕ ಕರ್ದು ವಗ್ಗರಣಿ ಮಿರ್ಚಿ ತಿನ್ಸಿ, ಆ ದಿನದ ಕೂಲಿ ಕೊಡ್ತೀನಿ ಅಂತ ಹೇಳಿ, ಅವನ ಗಾಡಿ ಹಿಂದ ನಾನು ಕುಂಡ್ರೋದು. ಎರಡು ಅಂಗಡಿ, ಒಂದು ಹೊಲ. ನಾನು ಬಾಯಿ ಬಿಡಲ್ಲ. ಒಂದು ಸಲ ಕಾರಟಗಿ ಹತ್ರ ಒಬ್ಬ ಹುಡುಗ, ಕೊಪ್ಪಳ ಕಡಿಯಾಂವ, ಆಳು ಸಪ್ಪೆ, ಅಂಗಿ ಬಟನ್ ಒಂದು ಹೋಗಿತ್ತು. ಅಂಗಡಿಗೆ ಹೋದ ಕೂಡ್ಲೇ ಬ್ಯಾಗ್ ಬಿಚ್ಚಲಿಲ್ಲ, ಒಳಗ ಗಿರಾಕಿ ಇದ್ರು ಅಂತ ಹೊರಗ ನಿಂತ. ನಿಂತಲ್ಲೇ ಕಸದ ಬುಟ್ಟಿ ಪಕ್ಕ ಬಿದ್ದಿದ್ದ ಖಾಲಿ ಪೆಟ್ಟಿಗಿ ಮ್ಯಾಲಿನ ಹೆಸರು ಓದಾಕ ಹತ್ತಿದ, ಸಣ್ಣ ಡೈರಿಯಾಗ ಬರಕೊಂಡ. ಆಮ್ಯಾಲೆ ಕೇಳಿದ್ರ, 'ಯಾವ ಕಂಪನಿ ಮಾಲು ಖಾಲಿ ಆಗೇತಿ ಅಂತ ಅಲ್ಲೇ ಗೊತ್ತಾಗ್ತೈತಲ್ರಿ, ಅವರನ್ನ ಯಾಕ ಕೇಳ್ಬೇಕು' ಅಂದ. ಹೊಲದಾಗ ರೈತ ಜಿಗಿಹುಳ ಬಿದ್ದೈತಿ ಔಷಧಿ ಕೊಡ್ರಿ ಅಂದ್ರ, ಇವನು ಚಪ್ಪಲ್ ಬಿಟ್ಟು ಗದ್ದಿಯಾಗ ಇಳಿದು ಬುಡ ಸರಿಸಿ ನೋಡಿ, ಇನ್ನ ಅಷ್ಟು ಇಲ್ಲ, ನೀರು ಬಸಿದು ಮೂರು ದಿನ ನೋಡ್ರಿ, ಏರಿದ್ರ ಫೋನ್ ಮಾಡ್ರಿ ಅಂದ. ಆವತ್ತು ಏನೂ ಮಾರ್ಲಿಲ್ಲ. ಮೂರು ದಿನ ಬಿಟ್ಟು ಆ ರೈತ ಫೋನ್ ಮಾಡಿದ್ದು ಅವನಿಗೇ, ಹುಡುಗ ಇನ್ನ ನಮ್ಮ ಕಂಪನಿಗೆ ಸೇರಿದ್ದಿಲ್ಲ!

ಮಧ್ಯಾನ್ಹ ಊಟಕ್ಕ ಕುಂತಾಗ ಒಂದು ತಪ್ಪು ಎತ್ತಿ ಹೇಳ್ರಿ, ಏನಾದ್ರೂ ಇದ್ದೇ ಇರ್ತೈತಿ, ರೇಟ್ ಭಾಳ ಬೇಗ ಇಳಿಸಿದಿ ಅಂತನೋ, ಹಳೇ ಬಾಕಿ ಕೇಳೋಕೆ ಮರ್ತಿ ಅಂತನೋ. ಎರಡನೇ ಅಂಗಡಿ ಊಟ ಆದ ಮ್ಯಾಲೆ ಇಟ್ಕೊಂಡಿರೋದು ಅದಕ್ಕೇ. ಹೇಳಿದ್ದನ್ನ ಅಲ್ಲಿ ಒಂದಿಷ್ಟಾದ್ರೂ ತಿದ್ದಿಕೊಂಡ ಅಂದ್ರ ಅವನ್ನ ಬಿಡಬ್ಯಾಡ್ರಿ. 'ನಾನು ಹದಿನೈದು ವರ್ಷದಿಂದ ಹಿಂಗೇ ಮಾಡೋದು ಸರ' ಅಂದ್ರ ಚಾ ಕುಡಿಸಿ ಕಳಿಸ್ರಿ.

ಪಗಾರದ ಮಾತು ಸಣ್ಣದಾಗಿ ಹೇಳಿ ಮುಗಿಸ್ತೀನಿ, ಇದ್ರಾಗ ನಮ್ಮ ಮಾಲಕರೇ ಹೆಚ್ಚು ತಪ್ಪು ಮಾಡೋದು. ಇನ್ಸೆಂಟಿವ್ ಬಿಲ್ ಮ್ಯಾಲೆ ಕೊಡಬ್ಯಾಡ್ರಿ, ಬಂದ ರೊಕ್ಕದ ಮ್ಯಾಲೆ ಕೊಡ್ರಿ, ವಾಪಸ್ ಬಂದ ಮಾಲು ಕಳೀರಿ. ಒಂದು ಸಲ ಸ್ಲ್ಯಾಬ್ ಬರದು ಕೊಟ್ಟ ಮ್ಯಾಲೆ ಸೀಸನ್ ನಡುವ ಬದಲಾಯಿಸಬ್ಯಾಡ್ರಿ. ಹುಡುಗ ಜಾಸ್ತಿ ಗಳಿಸಾಕ ಹತ್ಯಾನ ಅಂತ ಹೊಟ್ಟಿ ಉರಿದು ಅವನ ಚಲೋ ರೂಟ್ ಕಿತ್ತು ಅಳಿಯಂಗ ಕೊಟ್ಟ ಮಾಲಕರನ್ನ ನಾನು ನೋಡೀನಿ, ಆ ಹುಡುಗ ಹೋಗುವಾಗ ಅರ್ಧ ಅಂಗಡಿ ಕರ್ಕೊಂಡು ಹೋದ. ಕೆಲಸ ಬಿಟ್ಟ ಮ್ಯಾಲೆ ಎರಡು ವರ್ಷ ಬ್ಯಾರೆ ಕಡೆ ಸೇರಂಗಿಲ್ಲ ಅಂತ ಬಾಂಡ್ ಪೇಪರ್ ಬರಸ್ಕೊಳ್ಳೋ ರೂಢಿ ಐತಲ್ಲ, 1872ರ ಕಾಂಟ್ರ್ಯಾಕ್ಟ್ ಕಾಯ್ದೆ 27ನೇ ಸೆಕ್ಷನ್ ಮುಂದ ಅಂಥಾ ಷರತ್ತು ನಿಲ್ಲಲ್ಲ, ಸ್ಟಾಂಪ್ ಪೇಪರ್ ರೊಕ್ಕ ದಂಡ. ಮಾರ್ಕ್ಸ್ ಕಾರ್ಡ್ ಒತ್ತಿ ಇಟ್ಕೊಳ್ಳೋದಂತೂ ಕೆಟ್ಟ ಚಟ, ಅಂಥಾ ಮಾಲಕನ ಹತ್ರ ಗತಿ ಇಲ್ಲದವರು ಅಷ್ಟೇ ಬರ್ತಾರ.

ನಿಮ್ಮ 45 ಸಾವಿರದವನಿಗೆ ಈಗ ಹಿಂಗ ಮಾಡ್ರಿ. ಪಗಾರದ ಮಾತು ಸದ್ಯ ಎತ್ತಬ್ಯಾಡ್ರಿ. ಅವನ ಹಳೇ ರೂಟಿನ ಐದು ಅಂಗಡಿ ಹೆಸರು ಅವನ ಬಾಯಿಂದಲೇ ತಗೊಳ್ರಿ, ಇನ್ನ ಮೂರು ಅಂಗಡಿ ನೀವೇ ಆರಿಸ್ಕೊಳ್ರಿ, ಆ ಮೂರಕ್ಕ ಹೋಗಿ ಇವನು ನಾಳೆ ನಮ್ಮ ಮಾಲು ತಂದ್ರ ಚೆಕ್ ಕೈಗೆ ಕೊಡ್ತೀರಾ ಅಂತ ಕೇಳ್ರಿ, ಮತ್ತ ಆದ್ರ ಹಿಂದಿನ ಖೋಲಿಗೆ ಒಂದು ಸಲ ಇಣುಕ್ರಿ. ಅವನ ಹಳೇ ಕಂಪನಿ ಗಿರಾಕಿ ಲಿಸ್ಟು, ರೇಟ್ ಶೀಟು ತಂದುಕೊಡ್ತೀನಿ ಅಂದ್ರ ಅಲ್ಲಿಗೇ ಬ್ಯಾಡ ಅನ್ರಿ, ಅವರದು ತಂದವನು ನಿಮ್ಮದೂ ಒಯ್ತಾನ. ಇಷ್ಟೆಲ್ಲಾ ದಾಟಿದ ಅಂದ್ರ 45 ಜಾಸ್ತಿ ಏನಲ್ಲ, ಆದ್ರ 30 ಕಾಯಂ, ಉಳಿದಿದ್ದು ವಸೂಲಿ ಮ್ಯಾಲೆ, ಕೆಲಸ ಮಾಡಿದ್ರ 60 ಆಗಂಗ ಕೂಡ್ಸಿ ಹೇಳ್ರಿ. ತನ್ನ ಮ್ಯಾಲೆ ನಂಬಿಕಿ ಇದ್ದವನು ಒಂದು ರಾತ್ರಿ ಯೋಚನೆ ಮಾಡಿ ಹೂಂ ಅಂತಾನ.

ಕೌಂಟರ್ ಹುಡುಗನ ವಿಷಯದಾಗ ನಾನು ನಿಮ್ಮ ಜಾಗದಾಗ ಇದ್ರ ಅವನಿಗೆ ಮಾನ್ವಿ ಕಡೆ ಹತ್ತು ಅಂಗಡಿ, ಒಂದು ಹಳೇ ಬೈಕು, ಒಂದು ಬೆಳಿ ಟೈಮ್ ಕೊಡ್ತಿದ್ದೆ. ನಾಕು ವರ್ಷ ಕೌಂಟರ್‌ನಾಗ ನಿಂತವನಿಗೆ ಯಾರು ರೊಕ್ಕ ಕೊಡ್ತಾರ, ಯಾರು ಸತಾಯಿಸ್ತಾರ, ಯಾವ ಮಾಲು ವಾಪಸ್ ಬರ್ತೈತಿ ಇದೆಲ್ಲಾ ಬಾಯಿಪಾಠ ಇರ್ತೈತಿ, ಮಾತು ದಾರಿಯಾಗ ಬರ್ತೈತಿ. ಇಬ್ಬರನ್ನೂ ಒಂದೇ ದಿನ ಬ್ಯಾಡ, ಬ್ಯಾರೆ ಬ್ಯಾರೆ ದಿನ ಫೀಲ್ಡಿಗೆ ಕರ್ಕೊಂಡು ಹೋಗ್ರಿ, ನೀವು ಗಾಡಿ ಹಿಂದ ಕುಂಡ್ರಿ. 45 ಸಾವಿರದವನು ಬೈಕ್ ಮ್ಯಾಲೆ ಬರಲ್ಲ, ಕಾರ್ ಕಳಿಸ್ರಿ ಅಂದ ಅಂದ್ರ ನನಗೂ ಒಂದು ಫೋನ್ ಹಾಕ್ರಿ, ಇಬ್ಬರೂ ಕೂಡಿ ನಗೋಣ.